ಕಿಂಡಿ ಕಂಡ ನಿಮಾಕೊ

ಯಾರು ಏನು ಹೇಳಿದರೂ ನಿಮಾಕೊನ ಬಾಯಿಂದ ಹೊರಡುವ ಮೊದಲ ಮಾತು ಒಂದೇ: "ಯಾರು ಹೇಳಿದ್ದು?" ಮಳೆ ಬರುವಂತಿದೆ ಎಂದರೂ ಅದೇ, ಎದುರಿನ ಅಂಗಡಿಯಲ್ಲಿ ಫುಫು ಮುದ್ದೆ ಮುಗಿದುಹೋಯಿತು ಎಂದರೂ ಅದೇ. ಅವನ ಹೆಂಡತಿ ಹೆಣ್ಣುಮಗು ಹೆತ್ತ ದಿನ ನಾನು ಆಸ್ಪತ್ರೆಯಿಂದ ವ್ಯಾನು ಓಡಿಸಿಕೊಂಡು ಬಂದು ಏದುಸಿರಿನಲ್ಲಿ ಸುದ್ದಿ ಮುಟ್ಟಿಸಿದಾಗಲೂ, ಪರದೆಯಿಂದ ಕಣ್ಣು ಕೀಳದೆ ಅದನ್ನೇ ಕೇಳಿದ. "ಹುಟ್ಟಿದ ಮಗೂನೇ ಹೇಳಿ ಕಳಿಸ್ತು ಕಣಯ್ಯಾ, ಏಳು!" ಎಂದು ಕಿರುಚಿದೆ. ಆಗ ಎದ್ದ.

ನಮ್ಮ ಕುಮಾಸಿ ಪಟ್ಟಣದ ಬೆಂಕಿಯಂಥ ಬಿಸಿಲಿನಲ್ಲಿ ಕಂದುಬಣ್ಣದ ಉಣ್ಣೆಯ ಕೋಟು ತೊಟ್ಟು ತಿರುಗುತ್ತಿದ್ದ ಮನುಷ್ಯ ಅವನೊಬ್ಬನೇ. ಯಂತ್ರದ ಕೋಣೆಯನ್ನು ಸದಾ ತಣ್ಣಗಿಟ್ಟಿರುತ್ತಿದ್ದರಾದ್ದರಿಂದ ಅಲ್ಲಿ ಕೋಟು ಬೇಕಿತ್ತು, ನಿಜ. ಆದರೆ ಬೀದಿಗಿಳಿದರೂ ಅದನ್ನು ಕಳಚುತ್ತಿರಲಿಲ್ಲ. ನಡಿಗೆಯೋ, ಬಲಭುಜವನ್ನು ಮುಂದೆ ಚಾಚಿ, ಇಕ್ಕಟ್ಟಾದ ಬಾಗಿಲಲ್ಲಿ ನುಸುಳುವವನ ಹಾಗೆ ಓರೆಯಾಗಿ. ಬಯಲಿನಲ್ಲೂ ಅವನಿಗೆ ಎರಡು ಗೋಡೆ ಕಾಣುತ್ತಿದ್ದವೇನೋ.

ನಾವಿಬ್ಬರೂ ಆಸಾಫೊ ಬೀದಿಯಲ್ಲಿ ಸಾರ್ಪಾಂಗನ ಮುದ್ರಣಾಲಯದಲ್ಲಿದ್ದೆವು. ಅವನು ಒಳಗೆ ಕಂಪ್ಯೂಟರುಗಳ ಪಾರುಪತ್ಯಗಾರ, ನಾನು ಹೊರಗೆ ಬ್ಯಾನರು ಸಾಗಿಸುವ ವ್ಯಾನಿನವನು. ಅಚ್ಚಾಗುತ್ತಿದ್ದುದೆಲ್ಲ ಸತ್ತವರ ಸಮಾಚಾರವೇ. ನಮ್ಮೂರಿನಲ್ಲಿ ಬದುಕಿದ್ದಾಗ ನೀನು ಯಾರೆಂಬುದು ಯಾರಿಗೂ ಬೇಕಿಲ್ಲ. ಸತ್ತಮೇಲೆ ಶನಿವಾರದ ಶವಸಂಸ್ಕಾರದ ಬ್ಯಾನರಿನಲ್ಲಿ ನಿನ್ನ ಭಾವಚಿತ್ರದ ಕೆಳಗೆ ಯಾರ ಯಾರ ಹೆಸರು ಬರುತ್ತದೆಂಬುದೇ ಮುಖ್ಯ. ಕುಲದ ಹಿರಿಯ ಯಾರು, ಶೋಕದ ಮುಂದಾಳು ಯಾರು, ವಿಧವೆ ಯಾರು, ಮಕ್ಕಳು ಯಾರು. ಒಂದು ಹೆಸರು ಒಂದು ಸಾಲು ಮೇಲೆ ಹೋದರೆ ಸಾವಿನ ಚಪ್ಪರದಲ್ಲಿ ಕುರ್ಚಿಗಳು ಹಾರಾಡುತ್ತವೆ. ಇದನ್ನು ಬಲ್ಲ ನಿಮಾಕೊ ಒಂದು ಕಟ್ಟಳೆ ಮಾಡಿದ್ದ. ಮನೆಯವರು ಕರಡು ಓದಿ ಒಪ್ಪಿ ಸಹಿ ಹಾಕಿದ ಮೇಲೆ ಅದಕ್ಕೆ ಕಂಪ್ಯೂಟರಿನಲ್ಲಿ ಬೀಗ ಬೀಳುತ್ತಿತ್ತು. ಒಡೆತನದ ಗುಪ್ತಪದ ಅವನೊಬ್ಬನ ತಲೆಯಲ್ಲಿ. ಮಿಕ್ಕವರಿಗೆಲ್ಲ, ಯಜಮಾನನಿಗೂ, ಯಜಮಾನನ ಸೋದರಳಿಯ ಡಾರ್ಕೊಗೂ, ಆಳಿನ ಅಧಿಕಾರ ಮಾತ್ರ: ನೋಡಬಹುದು, ಅಚ್ಚಿಗೆ ಕಳಿಸಬಹುದು, ತಿದ್ದುವಂತಿಲ್ಲ. ಸಾರ್ಪಾಂಗ್ ಒಮ್ಮೆ ತನ್ನ ಸ್ನೇಹಿತನಿಗಾಗಿ ಒಂದು ಅಕ್ಷರ ಬದಲಿಸೆಂದು ಗೋಗರೆದರೂ ಇವನು ಜಗ್ಗಲಿಲ್ಲ. ಈ ಹಟದಿಂದಲೇ ಆ ಮುದ್ರಣಾಲಯಕ್ಕೆ ಹೆಸರು ಬಂದದ್ದು.

ಬ್ಯಾನರು ಅಚ್ಚುಹಾಕುವ ದೊಡ್ಡ ಯಂತ್ರ ಮಾತ್ರ ಮುದುಕ. ಯಾವ ಕಾಲದ್ದೋ ವಿಂಡೋಸನ್ನು ಬಿಟ್ಟರೆ ಬೇರೆಯದರ ಭಾಷೆ ಅದಕ್ಕೆ ತಿಳಿಯದು. ಹಾಗಾಗಿ ಹೊಸ ಕಂಪ್ಯೂಟರುಗಳ ಹೊಟ್ಟೆಯಲ್ಲಿ ಒಂದು ಹಳೆಯ ಕಂಪ್ಯೂಟರು ಇದ್ದಂತೆಯೇ ನಟಿಸುವ ತಂತ್ರಾಂಶವೊಂದನ್ನು ನಿಮಾಕೊ ತಂದು ಕೂರಿಸಿದ್ದ. ಬಸುರಿಯ ಹೊಟ್ಟೆಯಲ್ಲಿ ಮುದುಕ ಇದ್ದಂತೆ ಎಂದು ನಾನು ನಗುತ್ತಿದ್ದೆ.

ಆ ತಂತ್ರಾಂಶದಲ್ಲೇ ಅವನಿಗೆ ಕಿಂಡಿ ಕಂಡಿತು. ನನ್ನಂಥ ಅರ್ಧಂಬರ್ಧ ಓದಿದವನಿಗೆ ಅವನು ಬಿಡಿಸಿ ಹೇಳಿದ್ದು ಹೀಗೆ. ಆ ತಂತ್ರಾಂಶಕ್ಕೆ ಒಬ್ಬ ಆಳಿದ್ದಾನೆ, ಕಣ್ಣಿಗೆ ಕಾಣದೆ ಹಿಂದೆ ಕೆಲಸ ಮಾಡುವವನು. ಅವನ ಕೈಯಲ್ಲಿ ಒಡೆಯನ ಬೀಗದಕೈ ಗೊಂಚಲೇ ಇದೆ. ಅವನು ಒಂದು ಮೇಜಿನ ಮೇಲೆ ಸಿಕ್ಕ ಚೀಟಿಯನ್ನು ಓದಿ ಅದರಂತೆ ನಡೆಯುತ್ತಾನೆ. ಆದರೆ ಆ ಮೇಜಿನ ಮೇಲೆ ಚೀಟಿಯಿಡಲು ಯಾರಿಗೂ ಅಡ್ಡಿಯಿಲ್ಲ. "ನನ್ನನ್ನ ಒಡೆಯನ್ನ ಮಾಡು ಅಂತ ನಮ್ಮಲ್ಲಿ ಯಾವ ಆಳು ಚೀಟಿ ಇಟ್ರೂ, ಅವನು ಮಾಡೇಬಿಡ್ತಾನೆ ಕಣೋ. ಯಾರು ಹೇಳಿದ್ದು ಅಂತ ಕೇಳೋದೇ ಇಲ್ಲ!" ಎಂದ ನಿಮಾಕೊ. ಅವನ ಮುಖದಲ್ಲಿ ಅಸಹ್ಯವಿತ್ತು.

ಮಧ್ಯಾಹ್ನ ಯಜಮಾನನ ಕೋಣೆಗೆ ಹೋಗಿ ಚೀಟಿಯ ಕಥೆಯನ್ನೆಲ್ಲ ಬಿಡಿಸಿ ಹೇಳಿದ. ನಾನು ವ್ಯಾನಿನ ಕೀಲಿಗೆಂದು ಹೋದವನು ಅಲ್ಲೇ ನಿಂತೆ. ಡಾರ್ಕೊ ಕಿಟಕಿಯ ಬಳಿ ಕೂತು ಸುಟ್ಟ ಬಾಳೆಕಾಯಿಗೆ ಶೇಂಗಾ ನಂಚಿಕೊಂಡು ತಿನ್ನುತ್ತಿದ್ದ.

"ತಂತ್ರಾಂಶ ಮಾಡಿದೋರಿಗೆ ಬರೆದಿದೀನಿ, ಯಜಮಾನ್ರೇ. ಅವರು ಸರಿಮಾಡೋ ತನಕ ಅದನ್ನ ನಿಲ್ಲಿಸಬೇಕು."

"ನಿಲ್ಲಿಸಿದ್ರೆ ದೊಡ್ಡ ಯಂತ್ರ ನಡಿಯುತ್ತಾ?"

"ಇಲ್ಲ."

"ಸತ್ತೋರು ಕಾಯ್ತಾರಾ?"

ಡಾರ್ಕೊ ಕಿಸಕ್ಕೆಂದ. ಸಾರ್ಪಾಂಗ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಹೊರಗಿನ ಕಳ್ಳ ಬರ್ತಾನಾ ಆ ಕಿಂಡೀಲಿ?"

"ಹೊರಗಿನೋನಿಗೆ ಆಗಲ್ಲ. ಒಳಗೆ ಬಂದು ಕೂತೋನಿಗೆ ಮಾತ್ರ."

"ಒಳಗಿರೋರು ಯಾರಪ್ಪಾ? ನಾನು, ನೀನು, ಈ ಬಾಯಿಬಡುಕ ಡ್ರೈವರ್ರು... ಮತ್ತೆ ನನ್ನ ಅಕ್ಕನ ಮಗ. ಯಾರ ಹೆಸರು ಹೇಳೋಕೆ ಬಂದಿದೀಯ?"

"ನಾನು ಯಾರ ಹೆಸರೂ ಹೇಳ್ತಿಲ್ಲ. ಬಾಗಿಲಿನ ಮಾತು ಹೇಳ್ತಿದೀನಿ."

"ಬಾಗಿಲು ತಾನಾಗೇ ನಡೆದಾಡಲ್ಲ, ನಿಮಾಕೊ."

ನಮ್ಮದು ಅಳಿಯಸಂತಾನದ ಕಟ್ಟು. ಸಾರ್ಪಾಂಗನ ಆಸ್ತಿ, ಮುದ್ರಣಾಲಯ, ಕೊನೆಗೆ ಅವನ ಕೈಗೋಲು ಕೂಡ ಡಾರ್ಕೊಗೇ ಸೇರತಕ್ಕದ್ದು. ಅಂಥ ಅಳಿಯನ ಎದುರು ಒಳಗಿನವರ ಮೇಲೆ ಶಂಕೆಯಿದೆ ಎಂದರೆ ವಂಶದ ಬೇರಿಗೇ ಉಗಿದಂತೆ. ಪಾಪ, ನಿಮಾಕೊ ಉಗಿದದ್ದು ತಂತ್ರಾಂಶಕ್ಕೆ. ತಗುಲಿದ್ದು ಮಾತ್ರ ಬೇರಿಗೆ.

ದೂರದೇಶದ ಆ ತಂತ್ರಾಂಶದ ಕಂಪನಿಯವರು ವಾರಗಟ್ಟಲೆ ಸುಮ್ಮನಿದ್ದು ಉತ್ತರ ಬರೆದರು: ಧನ್ಯವಾದ, ಆದರೆ ಕೇಡು ಮಾಡುವವನು ಮೊದಲೇ ನಿಮ್ಮ ಮನೆಯೊಳಗೆ ಇರಬೇಕಾದ್ದರಿಂದ ಇದು ಅವಸರದ ವಿಷಯವಲ್ಲ. ಓದಿ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಯಾವ ಲೋಕದಲ್ಲಿದ್ದಾರೆ ಇವರು? ಮನುಷ್ಯನಿಗೆ ಕೇಡಾಗುವುದು ಇನ್ನೆಲ್ಲಿಂದ? ನಿಮಾಕೊ ಮಾತ್ರ ಕೋಟಿನ ಗುಂಡಿ ಹಾಕಿಕೊಂಡು ಒಳಕ್ಕೆ ಹೋಗಿ ಕೆಲಸಕ್ಕೆ ಕೂತ. ಯಂತ್ರ ನಡೆಯಿತು, ಕಿಂಡಿಯೂ ತೆರೆದೇ ಇತ್ತು.

ಆ ದಿನಗಳಲ್ಲೇ ಕೋಕೊ ವ್ಯಾಪಾರಿ ಅಂಟ್ವಿ ಸತ್ತ. ಅವನ ಹೆಂಡತಿ ಪೊಕುವಾ ಕಪ್ಪು ಸೀರೆಯಂಥ ಬಟ್ಟೆ ಸುತ್ತಿಕೊಂಡು, ಕುಲದ ಹಿರಿಯನ ಜೊತೆ ಕರಡು ನೋಡಲು ಬಂದಳು. ಅವರ ಮದುವೆಗೆ ಕಾಗದಪತ್ರವಿಲ್ಲ. ಹಿರಿಯರು ಮದ್ಯ ಹಂಚಿ ಮಾಡಿದ ಮದುವೆ, ಹಂಚಿದವರೂ ಕುಡಿದವರೂ ಮಣ್ಣಾಗಿದ್ದರು. ಇದ್ದ ಮನೆಯ ಮೇಲೆ ಅಂಟ್ವಿಯ ತಂಗಿಯರ ಕಣ್ಣಿತ್ತು. ಓದುಬಾರದ ಆ ಹೆಂಗಸು 'ವಿಧವೆ' ಎಂಬಲ್ಲಿ ತನ್ನ ಹೆಸರು ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಬೆರಳಿಟ್ಟು, ಬಹಳ ಹೊತ್ತು ತೆಗೆಯಲಿಲ್ಲ. ಹಿರಿಯ ಸಹಿ ಹಾಕಿದ. ನಿಮಾಕೊ ಬೀಗ ಜಡಿದ. "ಇನ್ನು ಇದನ್ನ ಯಾರೂ ಮುಟ್ಟೋಕಾಗಲ್ಲ, ಮಾಮೆ, ತಾಯೀ. ನೆಮ್ಮದಿಯಾಗಿ ಹೋಗಿ" ಎಂದ. ಪ್ರತಿ ಮನೆಯವರಿಗೂ ಹೇಳುತ್ತಿದ್ದ ಮಾತೇ ಅದು.

ಶನಿವಾರ ಚಪ್ಪರದಲ್ಲಿ ಬ್ಯಾನರು ಬಿಚ್ಚಿದವನು ನಾನೇ. ಕೆಂಪು, ಕಪ್ಪು ಬಟ್ಟೆಯ ಜನಸಾಗರದ ಮುಂದೆ ಅದು ಮೇಲೇರಿತು. ವಿಧವೆಯೆಂಬ ಸಾಲೇ ಇರಲಿಲ್ಲ. ಆ ಜಾಗಕ್ಕೆ ತಂಗಿಯರ ಹೆಸರುಗಳು ಸರಿದು ಬಂದು ಅಚ್ಚುಕಟ್ಟಾಗಿ ಕೂತಿದ್ದವು. ಯಾರೋ ಓದಿ ಹೇಳಿದರು. ಪೊಕುವಾ ಅಳಲಿಲ್ಲ, ಬ್ಯಾನರಿನ ಹತ್ತಿರ ಬಂದು, ತಾನು ಅಂದು ಬೆರಳಿಟ್ಟಿದ್ದ ಜಾಗವನ್ನು ಹುಡುಕಿದಳು. "ಬ್ಯಾನರಿನಲ್ಲಿ ಇಲ್ಲದೋಳು ಹೆಂಡ್ತಿ ಹೆಂಗಾದಾಳು?" ಎಂದಳು ಒಬ್ಬ ತಂಗಿ, ನಾಲ್ಕು ಜನಕ್ಕೆ ಕೇಳುವಂತೆ. ಮುಂದಿನ ವಾರ ಹಿರಿಯರ ಸಭೆಯಲ್ಲೂ ಅದೇ ಪ್ರಶ್ನೆ ಬಂತು. ಸಹಿ ಹಾಕಿದ್ದ ಹಿರಿಯ ತಂಗಿಯರ ಮುಖ ನೋಡಿ ತಲೆ ತಗ್ಗಿಸಿದ. ಮನೆಗೆ ತಂಗಿಯರ ಬೀಗ ಬಿತ್ತು.

ಬೀಗ ತೆಗೆಯಬಲ್ಲವನು ನಿಮಾಕೊ ಒಬ್ಬನೇ ಎಂದು ಊರಿಗೆಲ್ಲ ಗೊತ್ತಿತ್ತು. ಅವನೇ ಗೊತ್ತು ಮಾಡಿಸಿದ್ದ. ಸಾರ್ಪಾಂಗ್ ಎಲ್ಲರನ್ನೂ ಕರೆಸಿ, "ಹೇಳು" ಎಂದ. ನಿಮಾಕೊ ಡಾರ್ಕೊನ ಕುರ್ಚಿಯಲ್ಲಿ ಕೂತು, ಡಾರ್ಕೊನ ಆಳಿನ ಅಧಿಕಾರದಲ್ಲೇ ಒಳಹೊಕ್ಕು, ನಮ್ಮ ಕಣ್ಣೆದುರಿಗೇ ಆ ಮೇಜಿನ ಮೇಲೆ ತನ್ನ ಚೀಟಿಯಿಟ್ಟ. ನೋಡುತ್ತಿದ್ದಂತೆ ಆಳು ಒಡೆಯನಾದ. ಬೀಗ ಹಾಕಿದ್ದ ಕರಡು ಬಾಯಿ ತೆರೆಯಿತು. ಗೆದ್ದೆನೆಂದು ಅವನು ತಿರುಗಿ ನೋಡಿದ. ಪೆದ್ದ!

"ಆಹಾ," ಎಂದ ಸಾರ್ಪಾಂಗ್. "ಎಷ್ಟು ಚೆನ್ನಾಗಿ ಪಳಗಿದೆ ಕೈ!"

"ಯಾರು ಬೇಕಾದ್ರೂ ಮಾಡಬಹುದು ಅಂತ ತೋರಿಸಿದ್ದು, ಯಜಮಾನ್ರೇ."

"ಮಾಡೋಕೆ ಗೊತ್ತಿರೋನು ನೀನೊಬ್ನೇ ಅಂತ ತೋರಿಸಿದೆ."

ನಾನು ಕೂಗಾಡಿದೆ, ನನ್ನ ಕೂಗಾಟಕ್ಕೆ ಆ ಮುದ್ರಣಾಲಯದಲ್ಲಿ ಫ್ಯಾನಿನ ಸದ್ದಿಗಿದ್ದಷ್ಟೇ ಬೆಲೆ. ಕಿಂಡಿಯಿದೆ ಎಂದು ಒಪ್ಪಿದರೆ ಅಳಿಯನ ಮುಖ ನೋಡಬೇಕಾಗುತ್ತಿತ್ತು. ಅದಕ್ಕಿಂತ ಒಬ್ಬ ನೌಕರ ಕಳ್ಳನಾಗುವುದು ಮನೆತನಕ್ಕೆ ಸಲೀಸು. ಅಂದೇ ನಿಮಾಕೊನನ್ನು ಹೊರಹಾಕಿದರು.

ಸ್ವಲ್ಪ ದಿನಗಳ ಮೇಲೆ ಡಾರ್ಕೊ ನನ್ನ ವ್ಯಾನಿನಲ್ಲಿ ಪಕ್ಕಕ್ಕೆ ಕೂತು ಎಜು ಊರಿಗೆ ಹೊರಟಿದ್ದ. ತಾನಾಗಿಯೇ ಬಾಯಿಬಿಟ್ಟ. "ವೊಫಾಗೆ, ನನ್ನ ಸೋದರಮಾವನಿಗೆ, ನಿಮಾಕೊ ಅಷ್ಟು ಬಿಡಿಸಿ ಬಿಡಿಸಿ ಪಾಠ ಹೇಳಿದ್ನಲ್ಲ, ನಾನೇನು ಕಿವುಡನಾ? ಮಿಕ್ಕಿದ್ದು ಹುಡುಕಿಕೊಂಡೆ. ಅಂಟ್ವಿಯ ತಂಗೀರು ನಮ್ಮ ಕುಲದೋರು, ಕಣಣ್ಣಾ. ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?" ವ್ಯಾನು ನಿಲ್ಲಿಸಿ ಅವನ ಕುತ್ತಿಗೆಪಟ್ಟಿ ಹಿಡಿದು ರಸ್ತೆಗೆ ಎಳೆದುಹಾಕಿದೆ. ನನ್ನ ಕೆಲಸವೂ ಅಲ್ಲಿಗೆ ಮುಗಿಯಿತು. ಅವನು ಒಪ್ಪಿಕೊಂಡದ್ದನ್ನು ಯಜಮಾನನಿಗೆ ಹೇಳಿದೆ; ಡಾರ್ಕೊ ಎಲ್ಲರೆದುರು ನನ್ನ ಮಾತು ಹುಚ್ಚನ ಮಾತೆಂದ, ಸಾರ್ಪಾಂಗ್ ನಂಬಿದ.

ನಾನು ಅವನ ಮನೆಗೆ ಹೋಗಿ ಹೇಳಿದಾಗ, ಜೀವಮಾನದಲ್ಲಿ ಮೊದಲ ಬಾರಿಗೆ ನಿಮಾಕೊ ಯಾರು ಹೇಳಿದ್ದೆಂದು ಕೇಳಲಿಲ್ಲ. "ಮಾಮೆ ಪೊಕುವಾ ನಾನಲ್ಲ ಅಂತ ತಿಳ್ಕೊಂಡ್ರೆ ಸಾಕು. ಮಿಕ್ಕೋರು ಏನಾದ್ರೂ ಅಂದ್ಕೊಳ್ಳಲಿ" ಎಂದ. ಅವಳು ತನ್ನ ತಮ್ಮನ ಹಿತ್ತಲಿನ ಕೋಣೆಯಲ್ಲಿದ್ದಳು, ಕೆಂಕಿ ಎಂಬ ಕಡುಬಿಗೆ ಮೆಕ್ಕೆಜೋಳದ ಹಿಟ್ಟು ಕಟ್ಟುತ್ತಿದ್ದಳು. ನಿಮಾಕೊ ನಿಂತೇ ಎಲ್ಲ ಹೇಳಿದ: ಆಳು, ಮೇಜು, ಚೀಟಿ, ತಾನು ಎಚ್ಚರಿಸಿದ್ದು, ಯಾರೂ ಕೇಳದಿದ್ದದ್ದು, ಡಾರ್ಕೊ. ಅವಳು ಕೈ ನಿಲ್ಲಿಸದೆ ಕೇಳಿದಳು.

"ನೀನಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು, ಮಗಾ" ಎಂದಳು.

ನಿಮಾಕೊನ ಭುಜ ಇಳಿಯಿತು.

"ಆ ಕಿಂಡಿ, ನಾನು ಬೆರಳಿಟ್ಟ ದಿನಾನೂ ಇತ್ತಾ?"

"ಇತ್ತು."

"ನಿನಗೆ ಗೊತ್ತಿತ್ತಾ?"

"...ಗೊತ್ತಿತ್ತು."

"ಗೊತ್ತಿದ್ದೂ, ನೆಮ್ಮದಿಯಾಗಿ ಹೋಗಿ ಅಂದೆಯಲ್ಲ." ಹಿಟ್ಟಿನ ಮುದ್ದೆಗೆ ತೆನೆಯ ಸಿಪ್ಪೆ ಸುತ್ತಿ ಪಕ್ಕಕ್ಕಿಟ್ಟಳು. "ಅವನಿಗೆ ನನ್ನ ಮನೆ ಬೇಕಿತ್ತು, ಕದ್ದ. ನಿನಗೇನು ಬೇಕಿತ್ತು?"

ಆಮೇಲೆ ಯಾರೋ ಬೇರೆ ಊರಿನ ಮುದ್ರಣಾಲಯದವರು ಅವನನ್ನು ಕರೆದರು, ಹೋಗಲಿಲ್ಲ. ಈಗ ಕೆಜೆಟಿಯಾ ಸಂತೆಯ ಅಂಚಿನಲ್ಲಿ ಕೊಡೆ ನೆಟ್ಟುಕೊಂಡು ಒಡೆದ ಫೋನುಗಳ ಗಾಜು ಬದಲಿಸುತ್ತಾನೆ. ಕಂಪನಿಯವರು ಮರುವರ್ಷ ಆ ಕಿಂಡಿ ಮುಚ್ಚಿದರಂತೆ. ಸಾರ್ಪಾಂಗನ ಮುದ್ರಣಾಲಯ ಭರ್ಜರಿಯಾಗಿ ನಡೆಯುತ್ತಿದೆ.

ಗೋಡೆ ಇರುವಲ್ಲೆಲ್ಲ ಇಂಥವನೊಬ್ಬ ಇರುತ್ತಾನೆ. ಬಿರುಕು ಮೊದಲು ಕಾಣುವುದು ಇವನ ಕಣ್ಣಿಗೆ, ಒಡೆಯನ ಮುಂದೆ ನಿಂತು ಹೇಳುವ ಎದೆಗಾರಿಕೆಯೂ ಇವನಿಗೇ. ಒಡೆಯ ಕೇಳದಿದ್ದರೆ ತನ್ನ ಧರ್ಮ ಮುಗಿಯಿತೆಂದು ತಿಳಿದು ಮತ್ತೆ ಕೆಲಸಕ್ಕೆ ಕೂರುತ್ತಾನೆ. ಆ ಗೋಡೆಗೆ ತಲೆಯೊರಗಿಸಿ ಮಲಗಿದವರಿಗೆ ಒಂದು ಮಾತು ಹೇಳಬೇಕೆಂದು ಮಾತ್ರ ಅವನಿಗೆ ಹೊಳೆಯುವುದಿಲ್ಲ. ಅವರು ಅವನ ಲೆಕ್ಕದಲ್ಲಿ ಗಿರಾಕಿಗಳು. ಗೋಡೆ ಬಿದ್ದಾಗ ಒಡೆಯ ಅವನ ಮೇಲೆ ಹೊರಿಸುವ ಅಪವಾದ ಶುದ್ಧ ಸುಳ್ಳು, ಅದನ್ನು ಅವನು ಹೇಗೋ ಹೊತ್ತು ಬದುಕಿಬಿಡುತ್ತಾನೆ. ಮಣ್ಣಿನಡಿಯಿಂದ ಎದ್ದು ಬಂದವರು ಮೆಲ್ಲಗೆ ಕೇಳುವ ಪ್ರಶ್ನೆಯಿದೆಯಲ್ಲ, ಅದು ಸುಳ್ಳಲ್ಲ.