ಮಾರ್ಗರೀಟಾಳ ನಾಲಿಗೆ

ಬಾಚಣಿಗೆ ಮತ್ತೆ ಸಿಕ್ಕಿಕೊಂಡಿತು. ಸೋನುಬಾಯಿ ಅದನ್ನು ಬಿಡಿಸಿ, ಎಣ್ಣೆ ಹಚ್ಚಿದ ಬೆರಳುಗಳಿಂದಲೇ ಸತ್ತ ಮಾರ್ಗರೀಟಾಳ ಗುಂಗುರು ಕೂದಲನ್ನು ಎಳೆ ಎಳೆಯಾಗಿ ಬಿಡಿಸತೊಡಗಿದಳು.

“ಸಾವಕಾಶ ಮಾವಶಿ, ನಮ್ಮ ಅತ್ತಿಯವರಿಗೆ ನೋವಾಗತೈತಿ,” ಎಂದಳು ಸೊಸೆ ಮರಿಯಾ. ಹೇಳಿದ ಮೇಲೆ ತಾನು ಏನಂದೆನೆಂದು ತಿಳಿದು ಸೆರಗು ಬಾಯಿಗೊತ್ತಿಕೊಂಡಳು.

“ನೋವಾಗಿದ್ರ ಸುಮ್ಮನ ಮಲಗತಿದ್ಲೇನ ಈಕಿ? ಹಳಿಯಾಳ ಪ್ಯಾಟಿಗೆ ಕೇಳುವಂಗ ಬೈತಿದ್ಲು,” ಎಂದಳು ಸೋನುಬಾಯಿ. ಗೋಡೆಗೊರಗಿ ಕೂತ ಹೆಂಗಸರು ಅಳುವಿನ ನಡುವೆಯೇ ನಕ್ಕರು.

ಹೊರಗೆ ಜಗಲಿಯ ಮೇಲೆ ಕೂತಿದ್ದ ಮಾರ್ಗರೀಟಾಳ ಗಂಡ ಪೆದ್ರುವಿಗೂ ಆ ಮಾತು ಕೇಳಿಸಿತು. “ಬೈಯೂದು ಬಿಟ್ಟು ಹತ್ತು ವರ್ಷ ಆಗಿತ್ರೀ,” ಎಂದ, ಪಕ್ಕದಲ್ಲಿದ್ದವರಿಗೆ. “ಸಿಟ್ಟು ಬಂತಂದ್ರ ಹಿತ್ತಲಕ್ಕ ಹೋಗಿ ‘ಪರಲೋಕದಾಗಿರೋ ನಮ್ಮ ತಂದೆಯೇ’ ಅಂತ ಒಂದು ಪರಲೋಕ ಮಂತ್ರ ಹೇಳಿ ಒಳಗ ಬರ್ತಿದ್ಲು. ಒಂದೊಂದು ದಿನ ಹಿತ್ತಲದಾಗ ಎಷ್ಟೊತ್ತು ನಿಂದರತಿದ್ಲಂದ್ರ, ಒಲಿ ಮ್ಯಾಲಿನ ಅನ್ನ ಹೊತ್ತಿ ಹೋಗತಿತ್ತು.”

ಫಾದರ್ ಹಳಿಯಾಳದಿಂದ ಹನ್ನೊಂದರ ಬಸ್ಸಿಗೆ ಬರುವವರಿದ್ದರು. ಅಷ್ಟರೊಳಗೆ ಜೋಯಿಡಾ ಕಡೆಯ ಹಳ್ಳಿಗಳಿಂದಲೂ ಸಿದ್ದಿ ಮಂದಿ ಕಾಡುದಾರಿ ಹಿಡಿದು ಬಂದು ಅಂಗಳ ತುಂಬಿದ್ದರು. ಮೂರು ವರ್ಷದ ಹಿಂದೆ ಮುಂಡಗೋಡದಿಂದ ಬಂದು ನೆರೆಮನೆಯಲ್ಲಿ ನೆಲೆಸಿದ್ದ ಮಾಲವ್ವ ಬಾಗಿಲಲ್ಲಿ ನಿಂತು ಸೋನುಬಾಯಿಯನ್ನೇ ನೋಡುತ್ತಿದ್ದಳು.

“ನೀವಿಬ್ಬರೂ ಅಕ್ಕ-ತಂಗೇರು ಏನ್ರಿ?”

“ಅಲ್ಲವ್ವ,” ಎಂದಳು ಸೋನುಬಾಯಿ, ಜಡೆ ಹೆಣೆಯುತ್ತ. “ವೈರಿಗಳು. ಒಳಗ ಬಂದು ಕೂಡು, ಹೇಳತೇನಿ.”

*

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಸೋನುಬಾಯಿ ಆಗ ಇದೇ ಹಳ್ಳಿಯ ಸೂಲಗಿತ್ತಿ. ಮಾರ್ಗರೀಟಾಳದು ಎರಡು ಬೇಲಿಯಾಚೆಯ ಮನೆ. ಸೋನುಬಾಯಿಯ ಕೋಳಿ ಮಾರ್ಗರೀಟಾಳ ಮೆಣಸಿನ ಸಸಿಗಳನ್ನು ಕೆದರಿತೆಂದು ಇಬ್ಬರಿಗೂ ಜಗಳವಾಗಿ ಮಾತು ನಿಂತಿತ್ತು. ಅದೇ ತಿಂಗಳು ಮಾರ್ಗರೀಟಾಳಿಗೆ ಹೆರಿಗೆಯ ನೋವು ಬಂತು. ಎರಡು ದಿನ ನೋವು ತಿಂದರೂ ಅವಳು ಸೋನುಬಾಯಿಯನ್ನು ಕರೆಸಗೊಡಲಿಲ್ಲ. ಕೊನೆಗೆ ಪೆದ್ರು ಹೇಳದೆ ಕೇಳದೆ ಓಡಿಹೋಗಿ ಕರೆತಂದ. ಹುಟ್ಟಿದ ಹೆಣ್ಣುಕೂಸು ಅಳಲಿಲ್ಲ.

ಮಣ್ಣು ಮಾಡಿ ಬಂದ ದಿನ ಮಾರ್ಗರೀಟಾ ಊರಿನವರೆಲ್ಲರ ಮುಂದೆ ಕೂಗಿದಳು: “ಆಕಿ ಕೈಯಾಗ ಸಾವು ಐತಿ. ಹಗೆ ತೀರಿಸಾಕ ನನ್ನ ಕೂಸಿನ್ನ ಕೊಂದ್ಲು!”

ಆಮೇಲೆ ಯಾರೂ ಸೋನುಬಾಯಿಯನ್ನು ಹೆರಿಗೆಗೆ ಕರೆಯಲಿಲ್ಲ. ಆರು ತಿಂಗಳಲ್ಲಿ ಅವಳು ಮನೆ ಬಿಟ್ಟು, ಎರಡು ತಾಸಿನ ದಾರಿಯ ಇನ್ನೊಂದು ಹಳ್ಳಿಗೆ ಹೋಗಿ ಬಿದಿರು ಕಡಿಯುವ ಕೂಲಿಗೆ ಸೇರಿದಳು. ದೇವಾಲಯಕ್ಕೆ ಬರುವುದನ್ನೂ ಬಿಟ್ಟಳು.

ಮಾರ್ಗರೀಟಾ ಮಾತ್ರ ದೇವಾಲಯ ಬಿಡಲಿಲ್ಲ. ಪ್ರತಿ ಶನಿವಾರ ಹೆಂಗಸರೊಡನೆ ಕೂತು ಜಪಮಾಲೆ ಹೇಳುತ್ತಿದ್ದಳು. ಒಂಬತ್ತು ವರ್ಷ ಹೇಳಿದಳು. ಒಂದು ಶನಿವಾರ, ಪರಲೋಕ ಮಂತ್ರದ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎನ್ನುವ ಸಾಲಿಗೆ ಬಂದಾಗ ಅವಳ ಬಾಯಿ ಕಟ್ಟಿತು. ಮುಂದಿನ ವಾರವೂ ಅಲ್ಲೇ ಕಟ್ಟಿತು. ಹೆಂಗಸರು ಏನೆಂದು ಕೇಳಲಿಲ್ಲ. ಅವಳು ನಿಂತಲ್ಲಿಂದ ತಾವು ಮುಂದುವರಿಸಿ, ಕೊನೆಯಲ್ಲಿ ಅವಳ ಹೆಸರಿಗೆಂದು ಒಂದು ಮಂತ್ರ ಹೆಚ್ಚಿಗೆ ಹೇಳತೊಡಗಿದರು.

ಪಾಪನಿವೇದನೆಯಲ್ಲಿ ಅವಳು ಎಲ್ಲವನ್ನೂ ಹೇಳಿಕೊಂಡಳು. “ದೇವರು ಕ್ಷಮಿಸಿದ್ದಾನೆ, ಮಗಳೇ. ಈಗ ಸೋನುಬಾಯಿಯ ಹತ್ತಿರ ಹೋಗು,” ಎಂದರು ಫಾದರ್.

ಹೋದಳು. ಸೋನುಬಾಯಿ ತಲೆಯ ಮೇಲಿನ ಬಿದಿರಿನ ಹೊರೆ ಇಳಿಸದೆಯೇ ಕೇಳಿಸಿಕೊಂಡಳು.

“ದೇವರು ಕ್ಷಮಾ ಮಾಡಿದ್ರ ಒಳ್ಳೇದಾತು. ನನ್ನ ಕೈಯಿಗೆ ಮರ್ಯಾದಿ ಯಾರು ತಂದು ಕೊಡತಾರ? ಊರ ಮುಂದ ಅಂದಿ. ಊರ ಮುಂದ ಹೇಳು.”

*

ಅದು ಆಗಲಿಲ್ಲ. ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಮುಗಿಸಿದಾಗಲೆಲ್ಲ ಮಾರ್ಗರೀಟಾ ಎದ್ದು ನಿಲ್ಲುವಳು. ಸೆರಗು ಸರಿಪಡಿಸಿಕೊಂಡು ಮತ್ತೆ ಕೂಡುವಳು. ಮನೆಗೆ ಬಂದು ತನ್ನ ಮೇಲಿನ ಸಿಟ್ಟನ್ನು ಗಂಡನ ಮೇಲೆ, ಪಾತ್ರೆಗಳ ಮೇಲೆ ತೀರಿಸುವಳು. ಹಿತ್ತಲಿಗೆ ಹೋಗುವ ರೂಢಿ ಶುರುವಾದದ್ದು ಆಗಲೇ. “ನನ್ನ ನಾಲಿಗಿ ನನ್ನ ಮಾತು ಕೇಳವಲ್ದು, ಸ್ವಾಮಿ, ನಿನ್ನ ಮಾತರ ಕೇಳಲಿ,” ಎಂದು ಅಲ್ಲಿ ನಿಂತು ಅಳುವುದನ್ನು ಪೆದ್ರು ಒಂದು ದಿನ ಕೇಳಿಸಿಕೊಂಡ.

ಒಂದು ಈಸ್ಟರ್ ಹಬ್ಬದ ದಿನ ಪೂಜೆ ಮುಗಿಯಿತು. ಮಾರ್ಗರೀಟಾ ಎದ್ದಳು. ಗಂಡಸರ ಕಡೆ ಕೂತಿದ್ದ ಪೆದ್ರು ಎದ್ದು, ನಡುವಿನ ದಾರಿ ದಾಟಿ, ಹೆಂಗಸರ ಕಡೆ ಬಂದು ಅವಳ ಪಕ್ಕದಲ್ಲಿ ನಿಂತ.

“ಸೋನುಬಾಯಿ ನನ್ನ ಕೂಸಿನ್ನ ಕೊಲ್ಲಲಿಲ್ಲ,” ಎಂದಳು ಮಾರ್ಗರೀಟಾ. “ಆಕಿನ್ನ ಕರೀಬ್ಯಾಡಂತ ನಾನ ಹಟ ಹಿಡದೆ. ಒಂದು ಕೋಳಿ ಸಲುವಾಗಿ. ಆಕಿ ಬರೂದ್ರೊಳಗ ಕೂಸು ಹೋಗಿತ್ತು. ನನಗ ಗೊತ್ತಿತ್ತು. ಗೊತ್ತಿದ್ದೂ ಅಂದೆ.”

ಸಂಜೆಯೊಳಗೆ ಆ ಮಾತು ಸೋನುಬಾಯಿಯ ಹಳ್ಳಿಗೂ ಮುಟ್ಟಿತು. ಮುಂದಿನ ಶನಿವಾರ ಜಪಮಾಲೆಯಲ್ಲಿ ಅವಳ ದನಿ ಎಲ್ಲೂ ನಿಲ್ಲಲಿಲ್ಲ.

ಮರುವರ್ಷ ಮರಿಯಾಳಿಗೆ ಚೊಚ್ಚಲ ಹೆರಿಗೆ. ಮಾರ್ಗರೀಟಾ ತಾನೇ ಹೋಗಿ ಸೋನುಬಾಯಿಯನ್ನು ಕರೆತಂದಳು. ಹೊಸ್ತಿಲಲ್ಲಿ ಸೋನುಬಾಯಿ ನಿಂತಳು.

“ಹೆದರಿಕಿ ಇಲ್ಲೇನ ನಿನಗ?”

“ಐತಿ. ಅದಕ್ಕ ನಾ ಹೊರಗ ಕೂತು ಪ್ರಾರ್ಥನಾ ಮಾಡತೇನಿ. ನೀ ಒಳಗ ಹೋಗು.”

ಮಧ್ಯಾಹ್ನ ಒಳಗಿನಿಂದ ಕೂಸಿನ ಅಳು ಕೇಳಿತು. ಮಾರ್ಗರೀಟಾ ಅಂಗಳದಲ್ಲಿ ನಿಂತು, ಇಪ್ಪತ್ತು ಮನೆಗೆ ಕೇಳುವ ಅದೇ ಗಂಟಲಿನಿಂದ ಕೂಗಿದಳು: “ಸೋನುಬಾಯಿ ಕೈಯಾಗ ಜೀವ ಐತ್ರೇ!”

*

ಹಳ್ಳದ ದಂಡೆಯ ಕ್ರೈಸ್ತ ಸ್ಮಶಾನದಲ್ಲಿ ಫಾದರ್ ಪ್ರಾರ್ಥನೆ ಮುಗಿಸಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಪೆಟ್ಟಿಗೆ ಕುಣಿಯೊಳಗೆ ಇಳಿಯಿತು. ಹೆಂಗಸರು ಪುನರುತ್ಥಾನದ ಹಾಡು ಎತ್ತಿಕೊಂಡರು. ಪೆದ್ರು ಮೊದಲ ಹಿಡಿ ಮಣ್ಣು ಹಾಕಿದ. ಸೋನುಬಾಯಿ ಬಗ್ಗಿ ಮಣ್ಣು ತೆಗೆದುಕೊಳ್ಳುವಾಗ ಗದ್ದೆಯ ಬದುವಿನ ಮೇಲೆ ಮಾಲವ್ವ ಓಡಿಬರುವುದು ಕಾಣಿಸಿತು.

“ಮಾವಶಿ, ನನ್ನ ಸೊಸಿಗೆ ಹೆರಿಗಿ ಬ್ಯಾನಿ ಸುರುವಾಗೈತಿ. ಲಗೂನ ಬರ್ರಿ!”

“ಏನಂತೀಯವ್ವ?” ಎಂದ ಬೇಲಿಯಾಚೆ ನಿಂತಿದ್ದ ಮಾಲವ್ವನ ಭಾವ ಅಂದಾನೆಪ್ಪ. “ಹೆಣದ ಜಡಿ ಹೆಣೆದ ಕೈ ಅದು. ಆ ಕೈಲೆ ನಮ್ಮ ಕೂಸಿನ್ನ ಹಿಡಿಸತೀಯೇನ?”

ಹಾಡು ತಗ್ಗಿತು. ಸೋನುಬಾಯಿ ಮುಷ್ಟಿಯಲ್ಲಿ ಮಣ್ಣು ಹಿಡಿದು ಹಾಗೇ ನಿಂತಳು. ಇಪ್ಪತ್ತು ವರ್ಷ ಒಮ್ಮೆಲೇ ಹಿಂದಕ್ಕೆ ಸರಿದಂತೆ ಅವಳ ಮುಖ ಕಂದಿತು.

ಮಾಲವ್ವ ಏದುಸಿರು ಬಿಡುತ್ತಲೇ ಹೇಳಿದಳು: “ಬಿಸಿನೀರು ಇಟ್ಟು ಬಂದೇನಿ, ಭಾವಾರ. ಸಾಬಾಣ ಐತಿ. ಕೈ ತೊಳಕೊಂಡ್ರ ತೀರತು. ಈ ಕೈಯಾಗ ಮಾರ್ಗರೀಟಾಬಾಯಿ ತನ್ನ ಮೊಮ್ಮಗಳನ್ನ ಕೊಟ್ಟಾಳ. ನನಗೂ ಇದ ಕೈ ಬೇಕು.”

ಅಂದಾನೆಪ್ಪ ಬೇಲಿಯ ಅಡ್ಡಬಿದಿರನ್ನು ಸರಿಸಿ ದಾರಿ ಬಿಟ್ಟ.

“ಹೋಗಬೇ ತಂಗಿ,” ಎಂದ ಪೆದ್ರು. “ಇಲ್ಲಿದು ನಾವು ಮುಗಸತೇವಿ.”

ಸೋನುಬಾಯಿ ಮಣ್ಣನ್ನು ಕುಣಿಗೆ ಬಿಟ್ಟಳು. “ಬರ್ತೇನಿ ಮಾರ್ಗರೀಟಾ,” ಎಂದು, ಸೆರಗು ಸೊಂಟಕ್ಕೆ ಬಿಗಿದು ಬದು ಹತ್ತಿದಳು. ಜಪಮಾಲೆಯ ನಾಲ್ಕು ಹೆಂಗಸರು ಹಾಡುತ್ತಲೇ ಅವಳ ಹಿಂದೆ ಹೊರಟರು. ಕುಣಿಯ ಸುತ್ತ ಉಳಿದವರು ದನಿ ಏರಿಸಿದರು. ಗದ್ದೆಯ ಕಡೆಯವರೂ ಏರಿಸಿದರು. ಹಸಿರು ಭತ್ತದ ನಡುವೆ ಸೋನುಬಾಯಿ ಎಲ್ಲರಿಗಿಂತ ಮುಂದೆ, ಎರಡೂ ಕೈ ಬೀಸುತ್ತ ಓಡುತ್ತಿದ್ದಳು.