ಸಿನಿಮಾದಲ್ಲಿ ಕೂಗಿದ ಸೈರನ್

ಎಮರ್ಜೆನ್ಸಿ ಮುಗಿದ ಮರುವರ್ಷ. ನಮ್ಮ ಚಿನ್ನದ ಗಣಿಯೊಳಗೆ ಬಂಡೆಗೆ ಕೊಟ್ಟ ಆಸರೆಯ ಮರಗಳನ್ನು ಬದಲಿಸದ ಹೊರತು ಸೋಮವಾರದಿಂದ ಯಾರೂ ಕೆಳಗಿಳಿಯಬಾರದು ಎಂದು ನಮ್ಮ ಸಂಘ ತೀರ್ಮಾನಿಸಿತ್ತು. ನನ್ನ ಸ್ವಂತ ಅಣ್ಣ ಜಯರಾಮಪ್ಪನೇ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವನು ಇಳಿದರೆ ಅವನ ಕೈಕೆಳಗಿನ ಗ್ಯಾಂಗೂ ಇಳಿಯುತ್ತದೆ, ಮುಷ್ಕರ ನೆಲಕಚ್ಚುತ್ತದೆ. "ನಿನ್ ಭಾಷಣ ಮನೇಲಿಟ್ಕೊಳ್ಲಾ, ನಾನು ಕೆಲ್ಸಕ್ಕೋಗೋನೇ" ಎಂದುಬಿಟ್ಟ. ನನಗೆ ಮೈ ಉರಿಯಿತು.

ಅದಕ್ಕೇ ಒಂದು ಇಟಲಿ ಸಿನಿಮಾದ ರೀಲಿನ ಡಬ್ಬಗಳನ್ನು ಬೆಂಗಳೂರಿಂದ ಬಂಗಾರಪೇಟೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಹೊತ್ತು ತಂದೆ. ಕಥೆಯಿಲ್ಲ, ಹೀರೋ ಇಲ್ಲ; ದೇಶದೇಶಗಳ ಕ್ರಾಂತಿಯ ಸುದ್ದಿಚಿತ್ರಗಳನ್ನು ಕತ್ತರಿಸಿ ಅಂಟಿಸಿದ್ದರು. ಎಂಥವನಿಗೂ ಬಿಸಿ ಮುಟ್ಟುತ್ತದೆ ಅಂತ ನನ್ನ ನಂಬಿಕೆ. ಶನಿವಾರ ಮಧ್ಯಾಹ್ನ ಸಂಘದ ಸಭಾಂಗಣದಲ್ಲಿ ಹಾಕಿಸಿದೆ. ಅಣ್ಣ ಕರೆದರೂ ಬಾರದೆ ಶಿಫ್ಟಿಗೆ ಹೋಗಿದ್ದ. ಅತ್ತಿಗೆ ನರಸಮ್ಮ ಮುಂದೆ ಕೂತಿದ್ದಳು.

ಮೈಕ್ ಹಿಡಿದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ವಿವರಿಸಿ ಗಂಟಲು ಹರಿದುಕೊಂಡೆ. ತೆರೆಯ ಮೇಲೆ ರಾಜನ ಪ್ರತಿಮೆ ಉರುಳಿತು, ಗುಂಡು ಹಾರಿತು. ಜನ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಇವರ ಮೈಯಲ್ಲಿ ರಕ್ತ ಇದೆಯೋ ಇಲ್ಲವೋ ಎಂದು ಹಲ್ಲು ಕಡಿದೆ.

ಅಷ್ಟರಲ್ಲಿ ಯಾವುದೋ ಕಾರ್ಖಾನೆ ಕಾಣಿಸಿ, ಉದ್ದಕ್ಕೆ ಸೈರನ್ ಕೂಗಿತು.

ನಮ್ಮೂರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಒಳಗೆ ಬಂಡೆ ಕುಸಿದಿದೆ ಎಂದೇ ಅರ್ಥ. ಇಡೀ ಸಭಾಂಗಣ ಎದ್ದಿತು. "ಸಿನಿಮಾದ್ದು! ಸಿನಿಮಾದ್ ಸೈರನ್ ಕಣ್ರಪ್ಪೋ!" ಎಂದು ಮೈಕಿನಲ್ಲಿ ಅರಚಿದೆ. ಯಾರು ಕೇಳಬೇಕು? ಬಾಗಿಲು ಕಿತ್ತುಬರುವಂತೆ ನುಗ್ಗಿದರು. ಬೆಂಗಳೂರಲ್ಲೇ ಈ ಸಿನಿಮಾ ನೋಡಿ ಆ ಸೈರನ್ ಕೇಳಿದ್ದವನು ನಾನು. ಆದರೂ ಮೈಕ್ ಬಿಸಾಕಿ ನಾನೂ ಓಡಿದೆ.

ಏನೂ ಆಗಿಲ್ಲವೆಂದು ಗಣಿ ಗೇಟಿನ ಕಾವಲುಗಾರ ಎಷ್ಟು ಹೇಳಿದರೂ ಹೆಂಗಸರು ನಂಬಲಿಲ್ಲ. ಶಿಫ್ಟ್ ಮುಗಿದು ಆಳುಗಳು ಮೇಲೆ ಬರುವವರೆಗೂ ಅತ್ತಿಗೆ ನೆಲದ ಮೇಲೆ ಕೂತು ಅಳುತ್ತಿದ್ದಳು. ಅಣ್ಣ ಹೊರಗೆ ಬಂದವನು ಗುಂಪು ನೋಡಿ ಗಾಬರಿಯಾದ.

"ಯಾರ್ಲಾ ಸತ್ತೋರು?"

"ಯಾರೂ ಇಲ್ಲಣ್ಣ. ಸಿನಿಮಾದಾಗೆ ಸೈರನ್ ಕೂಗ್ತು, ಅದಕ್ಕೇ..." ಎಂದೆ.

ಅತ್ತಿಗೆ ಎದ್ದು ಅವನ ಮುಖ, ಭುಜ, ಕೈಯೆಲ್ಲ ಮುಟ್ಟಿ ನೋಡಿದಳು. ಆಮೇಲೆ ಅವನ ಅಂಗಿ ಹಿಡಿದವಳು ಬಿಡಲೇ ಇಲ್ಲ.

"ನಡಿಯಮ್ಮಿ, ಮನೆಗೋಗಾನ" ಎಂದ. ಅವಳು ಕದಲಲಿಲ್ಲ.

ಅಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಮಾತ್ರ ಎಂಬಂತೆ ಮೆತ್ತಗೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ಸೋಮಾರ ಇಳಿಯಾಕಿಲ್ಲ ಬುಡು. ಆ ಆಸ್ರೆ ಮರ ಕೊಳ್ತೋಗೈತೆ. ಅದ್ರ ಕೆಳ್ಗೇ ನಾನು ದಿನಾ ನಿಂತ್ಕಳಾದು."