ಅಡ್ಡ ಇಳಿದವಳು

ರೇಲೀನ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ಮೂಗಿನ ತುದಿಯ ಸಿಟ್ಟು ಒಂದು ಸೀನಿಗೆ ಹಾರಿಹೋಗುತ್ತದೆ. ಇವಳದು ಹೊಟ್ಟೆಯೊಳಗೆ ಬೇರುಬಿಟ್ಟ ಸಿಟ್ಟು, ಅದಕ್ಕೆ ನಲವತ್ತೊಂದು ವರ್ಷ ವಯಸ್ಸು. ಅದೊಂದನ್ನೇ ಜೊತೆಗೆ ಕೂರಿಸಿಕೊಂಡು ಅವಳು ನ್ಯೂ ಸೌತ್ ವೇಲ್ಸಿನ ದಕ್ಷಿಣ ಕರಾವಳಿಯಿಂದ ಹೊರಟು, ಸಿಕ್ಕ ಸಿಕ್ಕ ಕಡಲತಡಿಯಲ್ಲೆಲ್ಲ ವ್ಯಾನ್ ನಿಲ್ಲಿಸಿ ಮಲಗೆದ್ದು, ವಿಕ್ಟೋರಿಯಾ ದಾಟಿ, ಹದಿನೇಳನೆಯ ದಿನ ಸೆಡುನಾ ಎಂಬ ಕಡಲತಡಿಯ ಊರಿನ ಪೆಟ್ರೋಲ್ ಬಂಕಿನಲ್ಲಿ ಮಾಂಸದ ಪೈ ತಿನ್ನುತ್ತಿದ್ದಳು. ಪೈ ಮೇಲೆ ಸುಡುತ್ತಿತ್ತು, ಒಳಗೆ ತಣ್ಣಗಿತ್ತು. ಅದಕ್ಕೂ ಸಿಟ್ಟು ಬಂತು.

ಅವಳು ಹುಡುಕುತ್ತಿದ್ದದ್ದು ಅಲೆಯ ಮೇಲೆ ನಿಂತು ಜಾರುವ ಒಂದು ಕೆಂಪು ಸರ್ಫ್ ಬೋರ್ಡು. ಅಪ್ಪ ಮರ್ವ್ ತನ್ನ ಶೆಡ್ಡಿನಲ್ಲಿ ಅವಳಿಗೆಂದೇ ಮಾಡಿದ್ದು, ಅವಳ ಕೈಗೆ ಎಂದೂ ಕೊಡದೇ ಇದ್ದದ್ದು. ಮಾರ್ಚಿನಲ್ಲಿ ಅಪ್ಪ ಸತ್ತ. ಏಪ್ರಿಲ್‌ನಲ್ಲಿ ತಮ್ಮ ವೇಯ್ನ್ ಶೆಡ್ಡು ಖಾಲಿ ಮಾಡಿದ. ರೇಲೀನ್ ಶಾಲೆಯ ಬಸ್ಸು ಓಡಿಸಿ ಮುಗಿಸಿ ಅಲ್ಲಿಗೆ ಬರುವಷ್ಟರಲ್ಲಿ ತೊಲೆಯ ಮೇಲಿನ ಜಾಗ ಬರಿದಾಗಿತ್ತು, ವೇಯ್ನ್ ಬಿಯರ್ ಪೆಟ್ಟಿಗೆಯ ಮೇಲೆ ಕೂತಿದ್ದ.

"ಕೆಂಪುದು ಎಲ್ಲಿ?"

"ಅದಾ? ಒಬ್ಳು ಹುಡುಗಿ ತಗೊಂಡ್ಹೋದ್ಲು. ಬಿಳೀ ವ್ಯಾನು. ಪಶ್ಚಿಮದ ಕಡೆ ಹೋಗ್ತೀನಿ ಅಂದ್ಲು." ಅವನು ತಾನು ಕೂತಿದ್ದ ಪೆಟ್ಟಿಗೆಯನ್ನು ತಟ್ಟಿದ. "ಈ ಪೆಟ್ಟಿಗೆ ಕೊಟ್ಲು."

"ನನ್ನ ಬೋರ್ಡನ್ನ ಬಿಯರಿಗೆ ಕೊಟ್ಯಾ?"

"ನಿನ್ನದು ಅಂತೀಯ. ನಲವತ್ತು ವರ್ಷ ಅದು ಮೇಲೇ ಇತ್ತಲ್ಲ ಮಾರಾಯ್ತಿ. ಬೇಡ ಅಂದ್ಕೊಂಡೆ."

ಮಾತು ನ್ಯಾಯವಾಗಿತ್ತು. ಅದರಿಂದಲೇ ಅವಳ ಮೈ ಇನ್ನಷ್ಟು ಉರಿಯಿತು. ಇಷ್ಟು ವರ್ಷ ಬಸ್ಸು ಓಡಿಸಿ ಕೂಡಿಬಿದ್ದಿದ್ದ ದೀರ್ಘಸೇವೆಯ ರಜೆಯನ್ನು ಒಂದೇ ಏಟಿಗೆ ತೆಗೆದುಕೊಂಡು ವ್ಯಾನ್ ಹತ್ತಿದಳು.

ಮರ್ವ್ ಐವತ್ತು ವರ್ಷ ಬೋರ್ಡು ಕೆತ್ತಿದವನು. ಫೋಮಿನ ದಿಮ್ಮಿಯನ್ನು ಉಜ್ಜಿ ಆಕಾರಕ್ಕೆ ತಂದ ಮೇಲೆ, ಅದರ ನಟ್ಟನಡುವೆ ಮೂತಿಯಿಂದ ಬಾಲದವರೆಗೆ ಓಡುವ ಮರದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಅಳತೆಯನ್ನೂ ಯಾರಿಗೆ ಎಂಬ ಹೆಸರನ್ನೂ ಬರೆಯುವುದು ಈ ಕಸುಬಿನವರ ರೂಢಿ. ಅದರ ಮೇಲೆ ಗಾಜುನಾರಿನ ಪದರ ಕೂತರೆ, ಬೋರ್ಡು ಇರುವಷ್ಟು ಕಾಲ ಹೆಸರು ಒಳಗಿಂದ ಕಾಣುತ್ತಿರುತ್ತದೆ. ಹದಿನಾರರ ರೇಲೀನ್ ತನ್ನ ಹೆಸರು ಹಾಗೆ ಕಾಣುವುದನ್ನು ನೋಡಲು ಕಾದು ಕೂತಿದ್ದಳು.

ಕಡಲಿನಲ್ಲಿ ಒಂದೇ ಒಂದು ಕಾನೂನು ಇದೆ. ಅಲೆ ಎಲ್ಲಿ ಮೊದಲು ಮುರಿಯುತ್ತದೋ ಅಲ್ಲಿಗೆ ಯಾರು ಹತ್ತಿರವೋ ಅಲೆ ಅವರದು. ಅವರ ಮುಂದೆ ನುಗ್ಗುವುದಕ್ಕೆ ಅಡ್ಡ ಇಳಿಯುವುದು ಅನ್ನುತ್ತಾರೆ. ಕಳ್ಳನನ್ನು ಕ್ಷಮಿಸುವವರೂ ಅಡ್ಡ ಇಳಿದವನನ್ನು ಕ್ಷಮಿಸುವುದಿಲ್ಲ. ಆದರೆ ಆ ಕಾಲದಲ್ಲಿ ನೀರಿನಲ್ಲಿದ್ದ ಒಬ್ಬಳೇ ಹುಡುಗಿಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಕಾಲ್ ಪ್ರೆಂಟಿಸ್ ಎಂಬ ಸರ್ಫ್ ಅಂಗಡಿಯವನು, ಮರ್ವ್‌ನ ಹತ್ತಿರ ಡಜನ್ನುಗಟ್ಟಲೆ ಬೋರ್ಡು ಮಾಡಿಸುತ್ತಿದ್ದವನು, ಒಂದು ಬೆಳಿಗ್ಗೆ ಅವಳಿಗೆ ಅಡ್ಡ ಇಳಿದ. ಅವಳ ಹಳೆಯ ಬೋರ್ಡು ಎರಡು ತುಂಡಾಯಿತು, ಹುಬ್ಬಿಗೆ ಮೂರು ಹೊಲಿಗೆ ಬಿತ್ತು. ಅವಳು ದಡಕ್ಕೆ ಬಂದು ಒಂದು ಕಲ್ಲು ಎತ್ತಿ ಅವನ ಕಾರಿನ ಮುಂದಿನ ಗಾಜಿಗೆ ಹೊಡೆದಳು.

"ಕಾಲ್ ಹತ್ರ ಹೋಗಿ ತಪ್ಪಾಯ್ತು ಅನ್ನು," ಎಂದ ಅಪ್ಪ. ಅವಳ ಹೊಸ ಬೋರ್ಡು ಇನ್ನೂ ಬಿಳೀ ಫೋಮಾಗಿ ಸ್ಟ್ಯಾಂಡಿನ ಮೇಲಿತ್ತು.

"ಮೊದ್ಲು ಅವನು ಅನ್ಲಿ."

"ಅವನು ಅನ್ನಲ್ಲ. ನೀನು ಅನ್ನು. ಬೋರ್ಡು ತಗೋ."

ಅವಳು ಅನ್ನಲಿಲ್ಲ. ಒಂದು ವಾರ ಬಿಟ್ಟು ನೋಡಿದರೆ ಬೋರ್ಡಿನ ಮೇಲಿಂದ ಕೆಳಗಿನವರೆಗೆ ದಪ್ಪ ಕೆಂಪು ಬಳಿದಿತ್ತು. ಪಟ್ಟಿಯೂ ಕಾಣದು, ಹೆಸರೂ ಕಾಣದು, ಬಾಲದ ಹತ್ತಿರ ಅಪ್ಪನ ಗುರುತಾದ ಕಪ್ಪು ನೀರುಕಾಗೆ ಮಾತ್ರ ಕಾಣುತ್ತಿತ್ತು. ನನ್ನ ಹೆಸರನ್ನೇ ಮುಚ್ಚಿಬಿಟ್ಟ ಎಂದು ಅವಳು ಹಲ್ಲು ಕಡಿದಳು. ಅಪ್ಪ ಅದನ್ನು ತೊಲೆಗೆ ನೇತುಹಾಕಿದ. ಆಮೇಲೆ ಪ್ರತಿ ಕ್ರಿಸ್ಮಸ್ಸಿಗೂ ಅವಳು ಬಂದಳು, ಸೀಗಡಿ ತಿಂದಳು, ಶೆಡ್ಡಿನಲ್ಲಿ ತಲೆಯೆತ್ತಿ ನೋಡಿದಳು, ಹೊರಟುಹೋದಳು. ಇಬ್ಬರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು. ಅಪ್ಪ ಸತ್ತಾಗ ಅವಳಿಗೆ ದುಃಖಕ್ಕಿಂತ ಮೊದಲು ಹೊಳೆದದ್ದು ಇದು: ಇನ್ನು ಯಾರಿಗೂ ತಪ್ಪಾಯ್ತು ಅನ್ನದೆ ಬೋರ್ಡು ಇಳಿಸಿಕೊಳ್ಳಬಹುದು. ಅಷ್ಟರಲ್ಲಿ ವೇಯ್ನ್‌ಗೆ ಬಾಯಾರಿತ್ತು.

ದಾರಿಯುದ್ದಕ್ಕೂ ಅವಳು ಕಡಲತಡಿಯ ಪಾರ್ಕಿಂಗ್‌ಗಳಲ್ಲಿ ಒಂದೇ ಪ್ರಶ್ನೆ ಕೇಳಿದಳು. ಅಲೆ ಎಲ್ಲಿ ಚೆನ್ನಾಗಿ ಏಳುತ್ತದೆ ಎಂಬ ಗುಟ್ಟನ್ನು ಸರ್ಫ್ ಮಾಡುವ ನಮ್ಮವರು ಹೆಂಡತಿಗೂ ಹೇಳುವುದಿಲ್ಲ, ಇನ್ನು ಹೊರಗಿನ ವ್ಯಾನಿನವಳಿಗೆ ಹೇಳುತ್ತಾರೆಯೇ?

"ಕೆಂಪು ಬೋರ್ಡು, ತಳದಲ್ಲಿ ಒಂದೇ ಫಿನ್ನು, ಹಿಂದೆ ನೀರುಕಾಗೆ. ನೋಡಿದ್ಯಾ?"

"ಇಲ್ಲಿ ಅಲೆ ಇಲ್ಲ ತಾಯಿ."

"ಅಲೆ ಕೇಳ್ಲಿಲ್ಲ ನಾನು. ಬೋರ್ಡು ಕೇಳ್ದೆ."

"ಬೋರ್ಡೂ ಇಲ್ಲ. ಸುಮ್ನೆ ಕಾಲು ನೆನೆಸ್ಕೊಳ್ಳೋಕೆ ಬಂದಿದೀವಿ," ಎಂದಿದ್ದ ಒಬ್ಬ, ನೆತ್ತಿಯಿಂದ ನೀರು ತೊಟ್ಟಿಕ್ಕುತ್ತಿದ್ದವನು.

ಸೆಡುನಾದ ಬಂಕಿನಲ್ಲಿ ಅವಳ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದ ಮುದುಕ ಸಿಂಪಿ ಸಾಕುವವನು. ಸರ್ಫ್ ಮಾಡುವವರನ್ನು ಕಂಡರೆ ಅವನಿಗೆ ಆಗದು, ತನ್ನ ಗೇಟು ತೆರೆದಿಟ್ಟು ಹೋಗುತ್ತಾರೆಂದು. ಹಾಗಾಗಿ ಅವಳು ಕೆಂಪು ಬೋರ್ಡಿನ ಹುಡುಗಿಯ ಬಗ್ಗೆ ಕೇಳಿದಾಗ ಅವನು ಬಾಯಿಬಿಟ್ಟ.

"ಬಿಳೀ ವ್ಯಾನಿನ ಹುಡುಗಿ ತಾನೇ? ಟ್ಯಾಂಸಿನ್. ಎರಡು ವಾರದಿಂದ ನನ್ನ ಗೇಟಿನಾಚೆ ಕಡಲತಡೀಲೇ ಬಿದ್ದಿದಾಳೆ. ಗೇಟು ಹಾಕೋದು ಅವಳೊಬ್ಳೇ." ಪೈ ಸುತ್ತಿದ್ದ ಕಾಗದದ ಮೇಲೆ ದಾರಿ ಗೀಚಿಕೊಟ್ಟ. ಆ ಜಾಗದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ನನ್ನ ವ್ಯಾನಿನ ಚಕ್ರದಲ್ಲಿ ಗಾಳಿ ಇರುವುದಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಮಣ್ಣುದಾರಿಯಲ್ಲಿ ಕುಲುಕಿ, ಮರಳುದಿಬ್ಬ ದಾಟಿ ಅಲ್ಲಿಗೆ ತಲುಪಿದಳು. ಬಿಳೀ ವ್ಯಾನು ನಿಂತಿತ್ತು. ನೀರಿನಲ್ಲಿ ಏಳು ಜನ. ಬಡಗಣ ಗಾಳಿ ಅಲೆಗಳ ನೆತ್ತಿ ಬಾಚುತ್ತಿತ್ತು. ಅಷ್ಟರಲ್ಲಿ ಎಡಗಡೆಯ ಅಲೆಯೊಂದರ ಮೇಲೆ ಕೆಂಪು ಬಣ್ಣ ಜಾರಿಕೊಂಡು ಬಂತು. ನಲವತ್ತೊಂದು ವರ್ಷ ತೊಲೆಗೆ ನೇತಾಡಿದ್ದು ಈಗ ನೀರಿನ ಮೇಲಿತ್ತು, ಅಪ್ಪ ಹೇಗೆ ಓಡಬೇಕೆಂದು ಕೆತ್ತಿದ್ದನೋ ಹಾಗೇ ಓಡುತ್ತಿತ್ತು, ಬೇರೆಯವಳ ಕಾಲ ಕೆಳಗೆ.

ದಡದಲ್ಲಿ ಕೂತು ಒಂದು ಲೋಟ ಟೀ ಕುಡಿದಿದ್ದರೆ ಆ ಹುಡುಗಿ ತಾನಾಗಿ ಬರುತ್ತಿದ್ದಳು. ನೊಣ ಓಡಿಸಿಕೊಂಡು ಅರ್ಧ ಗಂಟೆ ಕಾಯಬೇಕಿತ್ತು, ಅಷ್ಟೇ. ರೇಲೀನ್ ಕಾಯಲಿಲ್ಲ. ರಬ್ಬರ್ ಅಂಗಿಯೊಳಗೆ ತೂರಿಕೊಂಡು, ತನ್ನ ನೀಲಿ ಬೋರ್ಡು ಎತ್ತಿಕೊಂಡು ನೀರಿಗಿಳಿದು, ಅದರ ಮೇಲೆ ಬೋರಲು ಮಲಗಿ ಕೈಬೀಸುತ್ತ ನೇರ ಕೆಂಪು ಬೋರ್ಡಿನ ಪಕ್ಕಕ್ಕೇ ಹೋದಳು.

"ಆ ಬೋರ್ಡು ನಂದು."

ಟ್ಯಾಂಸಿನ್ ತಿರುಗಿ ನೋಡಿದಳು. ಇಪ್ಪತ್ತೈದರ ಆಸುಪಾಸು, ಮೂಗಿಗೆ ಬಿಳೀ ಮುಲಾಮು ಮೆತ್ತಿಕೊಂಡಿದ್ದಳು. "ಮೇಲೆ ಕೂತಿರೋದು ನಾನಲ್ವಾ ಆಂಟಿ?"

"ನಮ್ಮಪ್ಪ ನನಗೆ ಮಾಡಿದ್ದು ಅದು."

"ಹೌದಾ? ಹೆಸರಿರಬೇಕಲ್ಲ ಹಾಗಾದ್ರೆ. ಎಲ್ಲಿದೆ ತೋರ್ಸಿ."

ಪಕ್ಕದಲ್ಲಿದ್ದ ಗಡ್ಡದವನು ಕಿಸಕ್ಕೆಂದ. ಹುಡುಗಿ ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ, ಯಾರಾದರೂ ಕೇಳುವ ಪ್ರಶ್ನೆ ಅದು. ಆದರೆ ಅಪ್ಪ ಬಳಿದ ಆ ಕೆಂಪು ರೇಲೀನ್‌ಳ ಕಣ್ಣಿಗೇ ಅಡರಿದಂತಾಯಿತು. ಆ ಹೊತ್ತಿಗೇ ಸಾಲಿನ ದೊಡ್ಡ ಅಲೆ ಎದ್ದಿತು. ಅಲೆ ಮುರಿಯುವ ಜಾಗಕ್ಕೆ ಟ್ಯಾಂಸಿನ್ ಹತ್ತಿರ ಇದ್ದಳು. ಎರಡು ಸಲ ಕೈಬೀಸಿ ಎದ್ದು ನಿಂತಳು. ಅಲೆ ಅವಳದು. ಇದು ರೇಲೀನ್‌ಗೆ ಗೊತ್ತಿತ್ತು. ತನ್ನ ಉಸಿರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳು ಮುಂದೆ ನುಗ್ಗಿ ಅದೇ ಅಲೆಗೆ ಅಡ್ಡ ಇಳಿದಳು.

"ಅಡ್ಡ, ಅಡ್ಡ," ಎಂದು ಗಡ್ಡದವನು ಕೂಗಿದ್ದು ಕೇಳಿಸಿತು. ಆಮೇಲೆ ಕೇಳಿಸಿದ್ದು ಬೋರ್ಡಿಗೆ ಬೋರ್ಡು ಬಡಿದ ಸದ್ದು, ಅದರ ಹಿಂದೆಯೇ ಬಂಡೆಗೆ ಬಡಿದ ಇನ್ನೊಂದು ಸದ್ದು. ನೀರು ಅವಳನ್ನು ಒಗೆಯುವ ಬಟ್ಟೆಯಂತೆ ತಿರುಚಿ ಮೇಲೆ ಬಿಟ್ಟಾಗ, ಎರಡು ಕೆಂಪು ತುಂಡುಗಳು ಬೇರೆ ಬೇರೆ ದಿಕ್ಕಿಗೆ ತೇಲುತ್ತಿದ್ದವು. ನೀಲಿ ಬೋರ್ಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

ದಡದಲ್ಲಿ ಟ್ಯಾಂಸಿನ್ ಕೆಮ್ಮಿ ಕೆಮ್ಮಿ ಉಪ್ಪುನೀರು ಕಾರಿದಳು. ಉಳಿದ ಆರು ಜನ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಬೈಯಲಿಲ್ಲ. ಬೈದಿದ್ದರೆ ರೇಲೀನ್ ತಿರುಗಿ ಬೈಯುತ್ತಿದ್ದಳು, ಅದಕ್ಕೆ ತಯಾರಾಗಿಯೇ ಇದ್ದಳು.

"ಸಾಯಿಸ್ತಿದ್ದೆ ನನ್ನ," ಎಂದಳು ಟ್ಯಾಂಸಿನ್. ಗೌರವ ಬೋರ್ಡಿನ ಜೊತೆಗೇ ಮುರಿದುಬಿದ್ದಿತ್ತು. "ನಿಂದೇ ಆಗಿದ್ರೆ ದಡದಲ್ಲಿ ಕೇಳೋಕೇನಾಗಿತ್ತು ರೋಗ? ಟೀ ಕೊಟ್ಟು ಕೂರಿಸ್ತಿದ್ದೆ. ಅಪ್ಪಂದು ಅಂದಿದ್ರೆ ಕೊಟ್ಟೂ ಬಿಡ್ತಿದ್ದೆನೇನೋ. ಈಗ ಏನ್ ಕೊಡ್ಲಿ? ಸೌದೆ ಕೊಡ್ಲಾ?"

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ರೇಲೀನ್ ಬಾಲದ ಕಡೆಯ ತುಂಡನ್ನು ಎತ್ತಿಕೊಂಡಳು. ಮುರಿದ ಕಡೆಯಿಂದ ಕೆಂಪು ಪದರ ಹಳೇ ಹುಣ್ಣಿನ ಹಕ್ಕಳೆಯಂತೆ ಎದ್ದು ನಿಂತಿತ್ತು. ಹಿಡಿದೆಳೆದಳು, ಒಂದು ಮೊಳ ಉದ್ದಕ್ಕೆ ಕಿತ್ತುಬಂತು. ಕೆಳಗೆ ಬೆರಳಗಲದ ಮರದ ಪಟ್ಟಿ, ಅದರ ಮೇಲೆ ಪೆನ್ಸಿಲಿನ ಗೆರೆಗಳು. ಕನ್ನಡಕ ವ್ಯಾನಿನಲ್ಲಿತ್ತು. ಅವಳು ತುಂಡನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಕಣ್ಣು ಕಿರಿದು ಮಾಡಿದಳು.

"ಕೊಡು ಇಲ್ಲಿ," ಎಂದು ಟ್ಯಾಂಸಿನ್ ಕಸಿದುಕೊಂಡಳು. ಸಿಟ್ಟಿನ ದನಿಯಲ್ಲೇ ಓದಿದಳು. "ಆರಡಿ ನಾಲ್ಕು ಅಂಗುಲ. ರೇಲೀನ್‌ಗೆ." ಅವಳು ತಲೆಯೆತ್ತಿ ನೋಡಿದಳು. "ನೀವೇನಾ?"

"ನಾನೇ."

"ಇನ್ನೂ ಇದೆ." ಈ ಸಲ ದನಿ ತಗ್ಗಿತು. "ತಪ್ಪು ಕಾಲ್‌ದು. ನನಗೆ ಗೊತ್ತು. ನಿನಗೆ ಹೇಳೋಕೆ ಬಾಯಿ ಬರ್ತಿಲ್ಲ."

ಅಷ್ಟೇ ಬರೆದಿತ್ತು. ಅಷ್ಟನ್ನು ಬರೆದು, ಮಗಳ ಕಣ್ಣಿಗೆ ಬೀಳದಂತೆ ಅದರ ಮೇಲೆ ಎರಡು ಕೈ ಕೆಂಪು ಬಳಿದು, ಏಣಿ ಹತ್ತಿ ತೊಲೆಗೆ ಕಟ್ಟಿದ್ದ. ಅದನ್ನು ಓದಬೇಕಾದರೆ ಬೋರ್ಡು ಮುರಿಯಲೇಬೇಕಿತ್ತು. ರೇಲೀನ್‌ಗೆ ಅಳು ಬರುತ್ತದೆಂದು ಸುತ್ತ ನಿಂತವರು ನೆಲ ನೋಡಿದರು. ಅವಳಿಗೆ ಬಂದದ್ದು ಜನ್ಮದಲ್ಲಿ ಬಾರದಂಥ ಸಿಟ್ಟು.

"ಬಾಯಿ ಇರ್ಲಿಲ್ವಾ ನಿಂಗೆ?" ಎಂದು ಅವಳು ಕಡಲಿಗೆ ಕೂಗಿದಳು. "ಸೀಗಡಿ ತಿನ್ನೋಕಿತ್ತಲ್ಲ ಬಾಯಿ. ನಲವತ್ತು ಕ್ರಿಸ್ಮಸ್ಸು ಎದುರಿಗೆ ಕೂತಿದ್ದೆ ನಾನು. ಸಾಸ್ ಕೊಡು ಅನ್ನೋಕಿತ್ತು, ಇದೊಂದು ಹೇಳೋಕೆ ಇರ್ಲಿಲ್ಲ." ಮೂತಿಯ ಕಡೆಯ ತುಂಡನ್ನು ಕಾಲಿಂದ ಒದ್ದಳು. ಹೆಬ್ಬೆರಳಿಗೆ ಪೆಟ್ಟಾಯಿತು. ಕುಂಟುತ್ತ ದಿಬ್ಬ ಹತ್ತಿ ವ್ಯಾನಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಒಳಗೆ ಹಾಸಿಗೆಯ ಅಂಚಿನಲ್ಲಿ ಕೂತು ಬಹಳ ಹೊತ್ತು ಕಿಟಕಿಯಿಂದ ನೋಡಿದಳು. ಟ್ಯಾಂಸಿನ್ ಟವೆಲ್ ಹೊದ್ದು ನಡುಗುತ್ತಿದ್ದಳು, ಎರಡು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡುತ್ತಿದ್ದಳು. ಇಲ್ಲಿಂದ ಹೊರಟುಬಿಡಬಹುದಿತ್ತು. ನೀಲಿ ಬೋರ್ಡನ್ನು ಅವಳ ವ್ಯಾನಿಗೆ ಒರಗಿಸಿ, ಒಂದು ಚೀಟಿ ಬರೆದಿಟ್ಟು ಹೋದರೆ ಆಯಿತು. ರೇಲೀನ್ ಡ್ಯಾಶ್‌ಬೋರ್ಡಿನಲ್ಲಿ ಕೈಯಾಡಿಸಿ, ಬಸ್ಸಿನ ಹಾಜರಿಗೆ ಬಳಸುವ ಪೆನ್ಸಿಲು ತೆಗೆದಳು. ಕನ್ನಡಕ ಹಾಕಿಕೊಂಡಳು. ಮುದುಕ ಗೀಚಿಕೊಟ್ಟ ಪೈ ಕಾಗದವನ್ನು ತಿರುಗಿಸಿ ಹಿಂಬದಿಯಲ್ಲಿ ಬರೆದಳು: ತಪ್ಪು ನನ್ನದು.

ಬರೆದದ್ದನ್ನು ನೋಡಿದಳು. ಕೈಯಲ್ಲಿದ್ದ ಪೆನ್ಸಿಲು ನೋಡಿದಳು. ಥೂ ನಿನ್ನ, ಎಂದು ತನಗೇ ಉಗಿದುಕೊಂಡಳು. ಕಾಗದವನ್ನು ನಾಲ್ಕು ಚೂರು ಮಾಡಿ ಕಸದ ಚೀಲಕ್ಕೆ ಹಾಕಿ, ನೀಲಿ ಬೋರ್ಡು ಎತ್ತಿಕೊಂಡು ದಿಬ್ಬ ಇಳಿದಳು.

ಆರು ಜನರೂ ಅಲ್ಲೇ ಇದ್ದರು. ಅವರಿಲ್ಲದಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಆದರೂ ನಿಲ್ಲಲಿಲ್ಲ. ನೀಲಿ ಬೋರ್ಡನ್ನು ಟ್ಯಾಂಸಿನ್ ಕಾಲ ಬಳಿ ಇಟ್ಟಳು. ಐವತ್ತೇಳು ವರ್ಷದಲ್ಲಿ ಆ ಬಾಯಿಂದ ಈ ಮಾತು ಒಮ್ಮೆಯೂ ಬಂದಿರಲಿಲ್ಲ.

"ಅಲೆ ನಿಂದಾಗಿತ್ತು," ಎಂದಳು. "ಗೊತ್ತಿದ್ದೇ ಅಡ್ಡ ಇಳಿದೆ. ತಪ್ಪಾಯ್ತು."

ಗಾಳಿ ಜೋರಿತ್ತು. ಗಡ್ಡದವನು ಏನೆಂದಳೆಂದು ಪಕ್ಕದವನನ್ನು ಕೇಳಿದ. ರೇಲೀನ್ ಅವನ ಕಡೆ ತಿರುಗಿ, ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೆ ಕೇಳಿಸುವ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. "ತಪ್ಪಾಯ್ತು ಅಂದೆ."

ಟ್ಯಾಂಸಿನ್ ಅವಳನ್ನೇ ನೋಡುತ್ತ ಕೂತಿದ್ದಳು. "ಕೇಳಿಸ್ತು. ಆದ್ರೆ ಸಿಟ್ಟು ಹೋಗಿಲ್ಲ ನಂಗೆ."

"ಹೋಗೋದು ಬೇಡ. ಇಟ್ಕೋ. ನನ್ನ ಥರ ನಲವತ್ತು ವರ್ಷ ಇಟ್ಕೋಬೇಡ, ಅಷ್ಟೇ."

ಹುಡುಗಿ ಟವೆಲಿನಿಂದ ಮೂಗು ಒರೆಸಿಕೊಂಡು, ಪೆನ್ಸಿಲಿನ ಬರಹವಿದ್ದ ತುಂಡನ್ನು ಅವಳ ಕಡೆಗೆ ತಳ್ಳಿದಳು.

"ಸಿಟ್ಟು ಮಧ್ಯಾಹ್ನದ ಊಟದವರೆಗೆ ಇಟ್ಕೋತೀನಿ," ಎಂದಳು. "ಆಮೇಲೆ ಟೀ ಇಡಿ."